ಶಾಲೆಯಲ್ಲಿ ಆದದ್ದು ದೊಡ್ಡವರಾದ ಮೇಲೆ ಮರೆತುಹೋಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ 13 ವರ್ಷದ ಮಗಳು ಕೆಲವು ತಿಂಗಳಿಂದ ಶಾಲೆಯ ಮಾತೇ ಎತ್ತುತ್ತಿಲ್ಲ. ಏನಾಯಿತು ಅಂತ ಕೇಳಿದರೆ "ಏನಿಲ್ಲ" ಅನ್ನುತ್ತಾಳೆ. ಮನೆಯ ಹಿರಿಯರು "ದೊಡ್ಡವಳಾದ ಮೇಲೆ ಎಲ್ಲಾ ಮರೆತುಹೋಗುತ್ತೆ ಬಿಡು" ಅನ್ನುತ್ತಿದ್ದಾರೆ. ಶಾಲೆಯ ಅನುಭವ ನಿಜಕ್ಕೂ ಮುಂದಿನ ಬದುಕಿಗೆ ಅಂಟಿಕೊಳ್ಳುತ್ತದಾ ಅಂತ ನೀವು ಕೇಳಿದ್ದೀರಿ.

ಹಿರಿಯರು ಹೇಳಿದ್ದರಲ್ಲಿ ಅರ್ಧ ನಿಜ. ನಡೆದದ್ದು ಮರೆತುಹೋಗುತ್ತದೆ. ಯಾವ ದಿನ, ಯಾರು, ಯಾವ ಮಾತು, ಎಲ್ಲವೂ ಮಸುಕಾಗುತ್ತದೆ. ಆದರೆ ಆ ದಿನ ನಮ್ಮನ್ನು ಕಾಪಾಡಿಕೊಳ್ಳಲು ನಾವು ಕಲಿತ ಅಭ್ಯಾಸ ಮಾತ್ರ ಹೋಗುವುದಿಲ್ಲ. ಅದು ನಮ್ಮ ಜೊತೆಗೇ ಕಾಲೇಜಿಗೆ ಬರುತ್ತದೆ, ಕೆಲಸಕ್ಕೆ ಬರುತ್ತದೆ, ಮದುವೆಯಾದರೆ ಸಂಸಾರಕ್ಕೂ ಬರುತ್ತದೆ.

ನಾನು ಶಿಕ್ಷಕಿಯಲ್ಲ, ಮನಶ್ಶಾಸ್ತ್ರ ಓದಿದವಳೂ ಅಲ್ಲ. ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. 14 ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಬರುವವರಿಗೆ 21, 22 ವರ್ಷ. ಎಲ್ಲರೂ ಪರೀಕ್ಷೆ ಪಾಸಾಗಿ, ಸಂದರ್ಶನ ಮುಗಿಸಿ ಬಂದವರೇ. ಆದರೆ ಮೊದಲ ವಾರದಲ್ಲೇ ಅವರಲ್ಲಿ ಎರಡು ಗುಂಪು ಕಾಣುತ್ತದೆ. ಅರ್ಥವಾಗದಿದ್ದಾಗ ಕೇಳುವವರು ಮತ್ತು ಅರ್ಥವಾದಂತೆ ತಲೆಯಾಡಿಸುವವರು. ಬುದ್ಧಿಯಲ್ಲಿ ಇವರಿಬ್ಬರ ನಡುವೆ ನನಗೆ ಯಾವ ವ್ಯತ್ಯಾಸವೂ ಕಂಡಿಲ್ಲ. ಒಂದು ವರ್ಷದ ನಂತರ ನೋಡಿದರೆ ಮಾತ್ರ ಕೆಲಸದಲ್ಲಿ ಅಜಗಜಾಂತರ ಇರುತ್ತದೆ.

ತಲೆಯಾಡಿಸುವವರನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಯಾಕೆಂದರೆ ನಾನೂ ಹಾಗೇ ಇದ್ದೆ.

ಐದನೇ ತರಗತಿಯಲ್ಲಿ ಒಂದು ದಿನ ಗಣಿತದ ಪಾಠ ನಡೆಯುತ್ತಿತ್ತು. ನನಗೆ ಒಂದು ಹೆಜ್ಜೆ ಅರ್ಥವಾಗಲಿಲ್ಲ. ಕೈ ಎತ್ತಿ ಕೇಳಿದೆ. ಮೇಷ್ಟ್ರು ಬೋರ್ಡಿನ ಕಡೆಯಿಂದ ತಿರುಗಿ "ಇಷ್ಟೂ ಗೊತ್ತಿಲ್ವಾ? ಇಷ್ಟು ದಿನ ನಿದ್ದೆ ಮಾಡ್ತಿದ್ಯಾ?" ಅಂದರು. ಕ್ಲಾಸು ಗೊಳ್ಳೆಂದು ನಕ್ಕಿತು. ಅಷ್ಟೇ. ಹೊಡೆಯಲಿಲ್ಲ, ಹೊರಗೆ ನಿಲ್ಲಿಸಲಿಲ್ಲ. ಅವರು ಆ ಮಾತನ್ನು ಸಂಜೆಯೊಳಗೆ ಮರೆತಿರಬಹುದು. ನಾನು ಮುಂದಿನ ಮೂರು ವರ್ಷ ಕೈ ಎತ್ತಲಿಲ್ಲ.

ಬದಲಿಗೆ ಬೇರೆ ವಿದ್ಯೆಗಳನ್ನು ಕಲಿತೆ. ಪ್ರಶ್ನೆ ಕೇಳುವ ಹೊತ್ತಿಗೆ ಬಗ್ಗಿ ಬ್ಯಾಗಿನಲ್ಲಿ ಪೆನ್ಸಿಲ್ ಹುಡುಕುವುದು. ಪಕ್ಕದವಳ ಪುಸ್ತಕ ನೋಡಿ ಅದೇ ವೇಗದಲ್ಲಿ ಬರೆಯುವುದು. ಮೇಷ್ಟ್ರ ಕಣ್ಣು ನನ್ನ ಮೇಲೆ ಬಿದ್ದ ಕೂಡಲೇ ಎಲ್ಲ ತಿಳಿದವಳ ಹಾಗೆ ತಲೆಯಾಡಿಸುವುದು. ಇವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇವತ್ತು ತರಬೇತಿಯ ಕೋಣೆಯಲ್ಲಿ ನಾನು "ಅರ್ಥ ಆಯ್ತಾ?" ಅಂದಾಗ ಕೆಲವರು ಕೂಡಲೇ ಲ್ಯಾಪ್‌ಟಾಪ್ ಕಡೆ ಬಗ್ಗಿ ಏನೋ ಟೈಪ್ ಮಾಡತೊಡಗುತ್ತಾರೆ. ಅದೇ ಪೆನ್ಸಿಲ್ ಹುಡುಕಾಟ. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇವರಿಗೂ ಯಾರೋ ಎಲ್ಲೋ ಒಂದು ದಿನ ಹಾಗೆ ಅಂದಿದ್ದಾರೆ ಅನ್ನಿಸುತ್ತದೆ.

ನನ್ನನ್ನು ಅಲ್ಲಿಂದ ಹೊರಗೆ ತಂದದ್ದೂ ಶಾಲೆಯೇ. ಎಂಟನೇ ತರಗತಿಗೆ ಹೊಸ ಗಣಿತದ ಟೀಚರ್ ಬಂದರು. ಒಂದು ದಿನ ಹುಡುಗನೊಬ್ಬ ಎದ್ದು ನಿಂತು ಸೊನ್ನೆಯಿಂದ ಯಾಕೆ ಭಾಗಿಸಬಾರದು ಅಂತ ಕೇಳಿದ. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಇದನ್ನ ನಿಮಗೆ ಅರ್ಥ ಆಗೋ ಹಾಗೆ ಹೇಳೋಕೆ ನನಗೆ ಈಗ ಗೊತ್ತಾಗ್ತಿಲ್ಲ. ನಾಳೆ ಯೋಚನೆ ಮಾಡ್ಕೊಂಡು ಬರ್ತೀನಿ" ಅಂದರು. ಇಡೀ ಕ್ಲಾಸು ತಣ್ಣಗಾಯಿತು. ಟೀಚರ್ ಬಾಯಲ್ಲಿ ಆ ಮಾತನ್ನು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ.

ಮಾರನೇ ದಿನ ಮರೆಯದೆ ಬಂದರು. ಬೋರ್ಡಿನ ಮೇಲೆ 12 ಅಂತ ಬರೆದರು. "12ನ್ನು 3ರಿಂದ ಭಾಗಿಸೋದು ಅಂದ್ರೆ ಮೂರು ಮೂರಾಗಿ ತೆಗೀತಾ ಹೋಗೋದು. ನಾಲ್ಕು ಸಲಕ್ಕೆ ಖಾಲಿ. ಈಗ ಸೊನ್ನೆ ಸೊನ್ನೆಯಾಗಿ ತೆಗೀರಿ ನೋಡೋಣ. ಯಾವಾಗ ಖಾಲಿ ಆಗುತ್ತೆ?" ಹತ್ತು ಸಲ ತೆಗೆದರೂ 12, ಸಾವಿರ ಸಲ ತೆಗೆದರೂ 12. ನನಗೆ ಗಣಿತದ ಮೇಲೆ ಪ್ರೀತಿ ಹುಟ್ಟಿದ್ದು ಅವತ್ತು. ಅದಕ್ಕಿಂತ ಮುಖ್ಯವಾಗಿ, ಗೊತ್ತಿಲ್ಲ ಅಂತ ಹೇಳಿದ ಮನುಷ್ಯರು ಮಾರನೇ ದಿನವೂ ತಲೆ ಎತ್ತಿಕೊಂಡು ಬರಬಹುದು ಅಂತ ಕಂಡೆ. ಒಂದು ವಾರದ ನಂತರ ನಾನೂ ಕೈ ಎತ್ತಿದೆ. ಏನು ಕೇಳಿದೆ ಅನ್ನುವುದು ಈಗ ನೆನಪಿಲ್ಲ. ಕೈ ನಡುಗುತ್ತಿದ್ದದ್ದು ಮಾತ್ರ ನೆನಪಿದೆ.

ಒಬ್ಬಳ ಕಥೆಯಿಂದ ಎಲ್ಲರ ಬಗ್ಗೆ ಹೇಳಿಬಿಡುವುದು ತಪ್ಪು ಅಂತ ನನಗೂ ಅನ್ನಿಸಿತ್ತು. ಅದಕ್ಕೇ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ. ತುಂಬ ಕಾಡಿದ್ದು ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಬರೆದದ್ದು. ಅವರು ತರಗತಿಗಳ ಧ್ವನಿಮುದ್ರಣ ಕೇಳಿ ಸಮಯ ಅಳೆದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್! ಅಷ್ಟರಲ್ಲಿ ಇನ್ನೊಬ್ಬರನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಮೂರು ಸೆಕೆಂಡ್ ಕಾಯಲು ಅಭ್ಯಾಸ ಮಾಡಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು. ಉತ್ತರ ಹೇಳದೆ ಕೂರುವವರು ಕಡಿಮೆಯಾದರು. ಮಕ್ಕಳೇ ತಿರುಗಿ ಕೇಳುವ ಪ್ರಶ್ನೆಗಳು ಹೆಚ್ಚಾದವು. ದಡ್ಡರು ಅಂತ ಬದಿಗಿಟ್ಟಿದ್ದ ಮಕ್ಕಳೂ ಬಾಯಿ ಬಿಟ್ಟರು. ಬರೀ ಎರಡು ಸೆಕೆಂಡ್ ಜಾಸ್ತಿ. ಎಷ್ಟು ಮಕ್ಕಳು ಆ ಎರಡು ಸೆಕೆಂಡ್ ಸಿಗದೆ ತಾವು ದಡ್ಡರು ಅಂತ ನಂಬಿಕೊಂಡಿರಬೇಕು ಹೇಳಿ. ನಾನು ಈಗ ತರಬೇತಿಯಲ್ಲಿ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ.

ಹಾಗಾದರೆ ಅಂಕಗಳು? ಅಂಕಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಅದರಿಂದ ಬಾಗಿಲುಗಳು ತೆರೆಯುತ್ತವೆ, ಬಡವರ ಮಕ್ಕಳಿಗೆ ಎಷ್ಟೋ ಸಲ ಅದೊಂದೇ ಬಾಗಿಲು. ಆದರೆ ದೀರ್ಘ ಕಾಲ ಉಳಿಯುವುದು ಬೇರೆ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ 79 ಶಾಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಸುಮಾರು 11,500 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಬೇರೆ ಬೇರೆ ತರಗತಿಗಳಿಗೆ ಹಂಚಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಅಂತ ಅರ್ಥಶಾಸ್ತ್ರಜ್ಞರು ಹುಡುಕಿ 2011ರಲ್ಲಿ ಪ್ರಕಟಿಸಿದರು. ಶಾಲೆಯ ಮೊದಲ ವರ್ಷ ಒಳ್ಳೆಯ ತರಗತಿ ಸಿಕ್ಕವರಿಗೆ ಅಂಕದಲ್ಲಿದ್ದ ಮೇಲುಗೈ ಎಂಟನೇ ತರಗತಿಯ ಹೊತ್ತಿಗೆ ಹೆಚ್ಚುಕಡಿಮೆ ಕರಗಿಹೋಗಿತ್ತು. ಆದರೆ ಅವರು 27ಕ್ಕೆ ಬಂದಾಗ ಸಂಪಾದನೆಯಲ್ಲಿ ಆ ವ್ಯತ್ಯಾಸ ಮತ್ತೆ ಕಾಣಿಸಿತು! ನಡುವೆ ಉಳಿದುಕೊಂಡಿದ್ದು ಏನು ಅಂತ ನೋಡಿದರೆ, ಪ್ರಯತ್ನ ಬಿಡದಿರುವುದು, ತಾನಾಗಿ ಮುಂದೆ ಬರುವುದು, ಇಂಥ ಗುಣಗಳು. ಪರೀಕ್ಷೆಯ ಹಾಳೆಯಲ್ಲಿ ಇವು ಕಾಣುವುದಿಲ್ಲ, ಅಲ್ವಾ?

ಇಲ್ಲಿ ಒಂದು ಮಾತು ಸೇರಿಸಬೇಕು. ಕೇಳಲು ಹೆದರುವವರು ಹಿಂದಿನ ಬೆಂಚಿನವರು ಮಾತ್ರ ಅಂದುಕೊಳ್ಳಬೇಡಿ. ಶಾಲೆಯಲ್ಲಿ ಯಾವಾಗಲೂ ಮೊದಲ ಸ್ಥಾನದಲ್ಲಿದ್ದವರೂ ನನ್ನ ಬಳಿ ಬರುತ್ತಾರೆ. ಅವರಲ್ಲಿ ಕೆಲವರ ಸ್ಥಿತಿ ಇನ್ನೂ ಕಷ್ಟ. 'ಜಾಣೆ' ಅಂತ ಹತ್ತು ವರ್ಷ ಕರೆಸಿಕೊಂಡವಳಿಗೆ 'ನನಗೆ ಬರಲ್ಲ' ಅನ್ನುವುದು ಹೆಸರನ್ನೇ ಕಳೆದುಕೊಂಡ ಹಾಗೆ. 1998ರಲ್ಲಿ ಕ್ಲೌಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿದವು. ಐದನೇ ತರಗತಿಯ ಮಕ್ಕಳಿಗೆ ಸುಲಭದ ಒಗಟು ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಅಂದರು, ಕೆಲವರಿಗೆ "ಚೆನ್ನಾಗಿ ಶ್ರಮ ಪಟ್ಟೆ" ಅಂದರು. ಆಮೇಲೆ ಕಷ್ಟದ ಒಗಟು ಕೊಟ್ಟರು. ಎಲ್ಲರೂ ಎಡವಿದರು. ಕೊನೆಗೆ, ಬೇರೆ ಶಾಲೆಯ ಗುರುತಿಲ್ಲದ ಮಗುವಿಗೆ ತಮ್ಮ ಅಂಕ ಬರೆದು ತಿಳಿಸಲು ಹೇಳಿದರು. ಬುದ್ಧಿವಂತ ಅನ್ನಿಸಿಕೊಂಡವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಅಂಕ ಏರಿಸಿ ಬರೆದಿದ್ದರು. ಶ್ರಮದ ಮಾತು ಕೇಳಿದವರಲ್ಲಿ ಹಾಗೆ ಮಾಡಿದವರು ತುಂಬ ಕಡಿಮೆ. ಆ ಮಕ್ಕಳು ಸುಳ್ಳುಗಾರರಲ್ಲ. ಒಂದೇ ಒಂದು ಹೊಗಳಿಕೆಯ ಮಾತನ್ನು ಕಳೆದುಕೊಳ್ಳಲು ಅವರಿಗೆ ಅಷ್ಟು ಭಯ.

ಶಾಲೆ ಅಂದರೆ ಶಿಕ್ಷಕರು ಮಾತ್ರ ಅಲ್ಲ. ನಿಮ್ಮ ಮಗಳ ಮೌನದ ಬಗ್ಗೆ ಓದಿದಾಗ ನನಗೆ ಮೊದಲು ನೆನಪಾದದ್ದು ಜೊತೆಯವರು.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ನಡಿಗೆಯನ್ನು ಹಿಡಿದು ಒಂದು ಅಡ್ಡಹೆಸರು ಇಟ್ಟಿದ್ದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಪಾಠದ ನಡುವೆ ಹಿಂದಿನಿಂದ ಸ್ಕೇಲಿನಲ್ಲಿ ಅವನ ಕತ್ತಿಗೆ ಹೊಡೆಯುವುದು ದಿನನಿತ್ಯದ ಆಟ. ನಾನು ಹೊಡೆಯಲಿಲ್ಲ. ಆದರೆ ಉಳಿದವರ ಜೊತೆ ನಕ್ಕಿದ್ದೇನೆ. ನನ್ನನ್ನು ನೋಡಿ ಕ್ಲಾಸು ನಕ್ಕಾಗ ಹೇಗಿತ್ತು ಅಂತ ಗೊತ್ತಿದ್ದೂ ನಕ್ಕಿದ್ದೇನೆ. ಇಪ್ಪತ್ತು ವರ್ಷದ ನಂತರ ಅವನು ಸಿಕ್ಕ. ಒಳ್ಳೆಯ ಕೆಲಸದಲ್ಲಿದ್ದ, ಚೆನ್ನಾಗಿಯೇ ಇದ್ದ. ಕೂರಲು ಹೋದಾಗ ನಡುವಿನ ಖಾಲಿ ಮೇಜು ಬಿಟ್ಟು ಮೂಲೆಗೆ ಹೋದ. ಯಾಕೆ ಅಂದೆ. "ಬೆನ್ನ ಹಿಂದೆ ಗೋಡೆ ಇರಬೇಕು. ಇಲ್ದಿದ್ರೆ ಮಾತಿನ ಮೇಲೆ ಗಮನ ಇರಲ್ಲ" ಅಂದ. ತುಂಬ ಸಹಜವಾಗಿ ಹೇಳಿದ. ಅವತ್ತು ನಾನು ಕ್ಷಮೆ ಕೇಳಿದೆ. "ನೀನು ಇದ್ದದ್ದೇ ನೆನಪಿಲ್ಲ" ಅಂದ. ನಾನಿದ್ದದ್ದನ್ನು ಅವನು ಮರೆತಿದ್ದ. ಗೋಡೆ ಹುಡುಕುವುದನ್ನು ಮರೆತಿರಲಿಲ್ಲ.

ಇದು ಅವನೊಬ್ಬನ ಮಾತಲ್ಲ. ಬ್ರಿಟನ್ನಿನಲ್ಲಿ 1958ರ ಒಂದೇ ವಾರದಲ್ಲಿ ಹುಟ್ಟಿದ ಮಕ್ಕಳನ್ನು ಬದುಕಿನುದ್ದಕ್ಕೂ ಗಮನಿಸುತ್ತಾ ಬಂದಿರುವ ಅಧ್ಯಯನವಿದೆ. ಅವರಿಗೆ 7 ಮತ್ತು 11 ವರ್ಷವಾಗಿದ್ದಾಗ, ಬೇರೆ ಮಕ್ಕಳು ಇವರನ್ನು ಕಾಡುತ್ತಾರಾ ಅಂತ ತಂದೆತಾಯಿಯನ್ನು ಕೇಳಿದ್ದರು. ಅವರಲ್ಲಿ 7,771 ಮಂದಿಯ ಮಾಹಿತಿ ಆಧರಿಸಿದ ವರದಿ 2014ರಲ್ಲಿ ಬಂತು. ಆಗಾಗ ಕಾಟಕ್ಕೆ ಸಿಕ್ಕಿದ್ದವರಲ್ಲಿ 45ರ ವಯಸ್ಸಿನಲ್ಲೂ ಖಿನ್ನತೆ, ಆತಂಕ ಜಾಸ್ತಿ ಇತ್ತು. 50ರಲ್ಲಿ ಆಪ್ತರ ಆಸರೆ ಕಡಿಮೆ ಇತ್ತು. ಮನೆಯ ಸ್ಥಿತಿ, ಮಗುವಿನ ಬುದ್ಧಿಮಟ್ಟ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ಉಳಿದಿತ್ತು. "ಮಕ್ಕಳ ಜಗಳ, ಬಿಡು" ಅನ್ನುವವರಿಗೆ ನಾನು ಈ ಅಧ್ಯಯನದ ಬಗ್ಗೆ ಹೇಳುತ್ತೇನೆ.

ಇಷ್ಟೆಲ್ಲ ಓದಿ ನೀವು ಗಾಬರಿಯಾಗಬೇಡಿ. ಇವು ಸಾವಿರಾರು ಜನರ ಸರಾಸರಿ, ನಿಮ್ಮ ಮಗಳ ಹಣೆಬರಹ ಅಲ್ಲ. ಒಬ್ಬ ಟೀಚರ್ ಕಟ್ಟಿದ ಗಂಟನ್ನು ಇನ್ನೊಬ್ಬ ಟೀಚರ್ ಬಿಚ್ಚಿದ್ದನ್ನು ನಾನೇ ಅನುಭವಿಸಿದ್ದೇನೆ. ಅವಳಿಗೆ ಇನ್ನೂ 13. ಈಗಲೇ ಗಮನಿಸಿದ್ದೀರಿ, ಅದು ದೊಡ್ಡದು.

ಇನ್ನು ಏನು ಮಾಡಬಹುದು ಅಂದರೆ, ನನಗೆ ತೋಚಿದ್ದನ್ನು ಹೇಳುತ್ತೇನೆ. "ಸ್ಕೂಲ್ ಹೇಗಿತ್ತು?" ಅಂತ ಕೇಳಬೇಡಿ, ಅದಕ್ಕೆ "ಏನಿಲ್ಲ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಸಣ್ಣದನ್ನು ಕೇಳಿ. ಇವತ್ತು ಯಾರ ಪಕ್ಕ ಕೂತಿದ್ದೆ? ಬಿಡುವಿನಲ್ಲಿ ಯಾರ ಜೊತೆ ಇದ್ದೆ? ಎದುರು ಬದುರು ಕೂರಿಸಿ ಕೇಳುವುದಕ್ಕಿಂತ, ಜೊತೆಗೆ ನಡೆಯುವಾಗ ಅಥವಾ ಇಬ್ಬರೂ ಬಟ್ಟೆ ಮಡಿಸುವಾಗ ಕೇಳಿದರೆ ಒಳ್ಳೆಯದು. ಕಣ್ಣಿಗೆ ಕಣ್ಣು ಸಿಗದಿದ್ದರೆ ಮಾತು ಸುಲಭ. ಪ್ರಶ್ನೆ ಕೇಳಿ ಕಾಯಿರಿ. ಮೂರು ಸೆಕೆಂಡ್ ಅಲ್ಲ, ಮೂರು ದಿನವಾದರೂ ಸರಿ. ನಿಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಅವಳ ಮುಂದೆಯೇ ಹೇಳಿ. ನಿಮ್ಮ ಕೆಲಸದಲ್ಲಿ ಇವತ್ತು ಎಲ್ಲಿ ತಪ್ಪಾಯಿತು ಅಂತ ಹೇಳಿ.

ಅವಳು ಬಾಯಿ ಬಿಟ್ಟ ದಿನ ತಕ್ಷಣ ಎದ್ದು ಶಾಲೆಗೆ ಹೊರಡಬೇಡಿ. ಪೂರ್ತಿ ಕೇಳಿ. "ನೀನ್ಯಾಕೆ ಸುಮ್ನಿದ್ದೆ?" ಅನ್ನುವ ಮಾತು ಮಾತ್ರ ಬಾಯಿಗೆ ಬರದಂತೆ ನೋಡಿಕೊಳ್ಳಿ, ಅದು ಅವಳ ಮೇಲೇ ತಪ್ಪು ಹೊರಿಸಿದ ಹಾಗೆ. ನಾನು ಯಾರ ಹತ್ತಿರ ಮಾತಾಡಲಿ, ನೀನೂ ಜೊತೆಗೆ ಬರ್ತೀಯಾ ಅಂತ ಅವಳನ್ನೇ ಕೇಳಿ. ಯಾರಾದರೂ ಹೊಡೆಯುತ್ತಿದ್ದರೆ, ಮುಟ್ಟುತ್ತಿದ್ದರೆ, ಅಥವಾ ಅವಳು ನಿದ್ದೆ ಊಟ ಬಿಟ್ಟಿದ್ದರೆ ಮಾತ್ರ ಅವಳ ಒಪ್ಪಿಗೆಗೆ ಕಾಯಬೇಡಿ. ಅವತ್ತೇ ಶಾಲೆಯವರ ಹತ್ತಿರ, ಬೇಕಾದರೆ ವೈದ್ಯರ ಹತ್ತಿರ ಹೋಗಿ. ಹೋಗುವ ಮೊದಲು, ಹೋಗುತ್ತಿದ್ದೇನೆ ಅಂತ ಅವಳಿಗೆ ಹೇಳಿ ಹೋಗಿ.