ತೂಕ ಅಂದರೆ ಬಾಗಿಲು ಹಾಕಿಕೊಳ್ಳುವ ಹುಡುಗ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಹಾಸನದ ಹುಡುಗ, 11 ವರ್ಷ. ಶಾಲೆಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾನೆ ಎಂದು ತಾಯಿ ನನ್ನ ಹತ್ತಿರ ಕರೆದುಕೊಂಡು ಬಂದರು. ಶಾಲೆಯಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಕ ನೋಡಿ, ಗಟ್ಟಿಯಾಗಿ ಓದಿದ್ದರಂತೆ. ಇವನಿಗೆ 50 ಕೆಜಿ ಅಂದ ಕೂಡಲೇ ಹಿಂದಿನಿಂದ ಯಾರೋ "ಅಕ್ಕಿಮೂಟೆ" ಅಂದರು. ಅದೇ ಹೆಸರು ಉಳಿಯಿತು.

ಮನೆಯಲ್ಲಿ ಅಜ್ಜಿ, "ಬೆಳೆಯೋ ಮಗು, ಉಣ್ಣಲಿ ಬಿಡಿ, ದೃಷ್ಟಿ ಹಾಕ್ಬೇಡಿ" ಅನ್ನುತ್ತಾರೆ. ತಂದೆ ಮಾತ್ರ ರಾತ್ರಿ ಊಟವನ್ನೇ ನಿಲ್ಲಿಸಿದ್ದರು. ಹುಡುಗ ಟ್ಯೂಷನ್ನಿಂದ ಬರುವಾಗ ಬೇಕರಿಯಲ್ಲಿ ಖಾರಾ ಬನ್ನು ತಿಂದು ಬರುತ್ತಿದ್ದ. ಹಸಿದ ಮಗು ಇನ್ನೇನು ಮಾಡುತ್ತೆ, ಹೇಳಿ?

ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಅವರು ಬಾಗಿಲು ಮುಚ್ಚಿ, ಅವನನ್ನು ಕೇಳಿಯೇ ಅಳೆದರು. ಎತ್ತರ 142 ಸೆಂ.ಮೀ., ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ನೋಡುವ ಲೆಕ್ಕ) 24.8. ದೊಡ್ಡವರ ಲೆಕ್ಕದಲ್ಲಿ ಇದು ಅಷ್ಟೇನೂ ಜಾಸ್ತಿ ಅನ್ನಿಸಲ್ಲ. ಆದರೆ ಮಕ್ಕಳಿಗೆ ವಯಸ್ಸು, ಗಂಡು ಹೆಣ್ಣು ನೋಡಿ ಬೇರೆ ಚಾರ್ಟ್ ಇದೆ. ಮಕ್ಕಳ ಡಾಕ್ಟರುಗಳ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನ 2015ರ ಚಾರ್ಟ್ ಪ್ರಕಾರ ಅವನು ಬೊಜ್ಜಿನ ಗೆರೆ ದಾಟಿದ್ದ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಹೊಟ್ಟೆಯ ಸುತ್ತಳತೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಚರ್ಮ ಅದುಮದಂತೆ ಟೇಪು ಹಿಡಿಯಬೇಕು. 78 ಸೆಂ.ಮೀ. ಬಂತು. ಹೊಟ್ಟೆಯ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು, ಅಂದರೆ ಇವನಿಗೆ 71ರ ಒಳಗೆ. ತೂಕ ನೋಡಿದರೆ ಕೊಬ್ಬು ಎಲ್ಲಿ ಸೇರಿದೆ ಅಂತ ತಿಳಿಯಲ್ಲ. ಹೊಟ್ಟೆಯೊಳಗೆ ಸೇರುವ ಕೊಬ್ಬೇ ಬಿಪಿ, ಸಕ್ಕರೆ, ಲಿವರ್ ತೊಂದರೆಗೆ ಜಾಸ್ತಿ ದಾರಿ ಮಾಡುತ್ತದೆ.

ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ ದಪ್ಪಗಾಗಿತ್ತು. ಕೊಳೆ ಅಂದುಕೊಂಡು ತಾಯಿ ಕಡಲೆಹಿಟ್ಟು ಹಾಕಿ ಉಜ್ಜುತ್ತಿದ್ದರು, ಅಲ್ಲಲ್ಲಿ ಕೆಂಪಗೆ ತರಚಿತ್ತು. ಅದು ಕೊಳೆಯಲ್ಲ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೀಗಾಗುತ್ತದೆ. ಇದನ್ನು ಕೇಳಿ ಆ ತಾಯಿ ಅತ್ತುಬಿಟ್ಟರು. ರಕ್ತಪರೀಕ್ಷೆಯಲ್ಲಿ ಸಕ್ಕರೆ ಸರಿಯಿತ್ತು, ಬಿಪಿಯೂ ಸರಿ. ಕೈಮೀರಿಲ್ಲ.

ತಂದೆಗೆ ಹೇಳಿದೆ: ಉಪವಾಸ ಬೇಡ. ಅವನು ಇನ್ನೂ ಎತ್ತರ ಆಗುತ್ತಾನೆ, ಸದ್ಯಕ್ಕೆ ತೂಕ ಏರದಿದ್ದರೆ ಸಾಕು ಅಂತ ಡಾಕ್ಟರೇ ಹೇಳಿದ್ದಾರೆ. ರಾತ್ರಿ ಎಲ್ಲರಿಗೂ ಒಂದೇ ಊಟ: ಮುದ್ದೆ, ಸೊಪ್ಪಿನ ಸಾರು, ಪಲ್ಯ. ಅವನೊಬ್ಬನಿಗೆ ಬೇರೆ ತಟ್ಟೆ ಬೇಡ. ಬೇಕರಿಗೆ ವಾರಕ್ಕೊಮ್ಮೆ ಎಲ್ಲರೂ ಜೊತೆಗೇ ಹೋಗಿ. ಮನೆಯ ತೂಕದ ಮಷಿನ್ ಎತ್ತಿಡಿ. ಮೂರು ತಿಂಗಳಿಗೊಮ್ಮೆ ಡಾಕ್ಟರೇ ಅಳೆಯಲಿ. ಅಜ್ಜಿಗೆ ಬೇರೆ ಕೆಲಸ ಕೊಟ್ಟೆ: ಸಂಜೆ ಕುರುಕಲಿನ ಬದಲು ಹಣ್ಣು ಹೆಚ್ಚಿಕೊಡಿ. ಸಂತೋಷವಾಗಿ ಒಪ್ಪಿದರು.

ನಿನಗೇನು ಬೇಕು ಅಂತ ಹುಡುಗನನ್ನು ಕೇಳಿದೆ. "ಯಾವಾಗ್ಲೂ ಕೀಪರ್ ನಿಲ್ಸ್ತಾರೆ ಮೇಡಂ, ನಂಗೆ ಬೌಲಿಂಗ್ ಬೇಕು" ಅಂದ. ದಿನಾ ಒಂದು ಗಂಟೆ ಆಟ ಬೇಕೇ ಬೇಕು, ಅಪ್ಪನೇ ಸಂಜೆ ಬ್ಯಾಟು ಹಿಡಿಯಲಿ ಎಂದು ಬರೆದುಕೊಟ್ಟೆ.

ಶಾಲೆಗೂ ಪತ್ರ ಬರೆದೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅಳೆಯಿರಿ, ಸಂಖ್ಯೆ ಓದಬೇಡಿ, ಚೀಟಿ ಲಕೋಟೆಯಲ್ಲಿ ಪೋಷಕರಿಗೆ ಕೊಡಿ, ಅಡ್ಡಹೆಸರು ಕರೆದರೆ ಅಲ್ಲೇ ತಡೆಯಿರಿ. ಅವನು ಮತ್ತೆ ಊಟ ಬಿಟ್ಟರೆ, ಕದ್ದು ತಿಂದರೆ, ಬೈಯುವ ಮೊದಲು ನನ್ನ ಹತ್ತಿರ ಕರೆತನ್ನಿ ಎಂದು ತಾಯಿಗೆ ಹೇಳಿದ್ದೇನೆ.