ಓದುಗರ ಪ್ರಶ್ನೆ: ವೇಪ್ ಟ್ಯಾಂಕಿನ ಗಾಳಿ, ದ್ರವ ಮತ್ತು ಕಾನೂನು

ಪ್ರಶ್ನೆ: ನಾನು ಭದ್ರಾವತಿಯಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ನಮ್ಮ ಭಾವ ಸಿಗರೇಟು ಬಿಟ್ಟು, ಕಾಯಿಲ್ (ಬಿಸಿಯಾಗುವ ತಂತಿಸುರುಳಿ) ಮತ್ತು ಅದಕ್ಕೆ ದ್ರವ ಉಣಿಸುವ ಹತ್ತಿಯ ಬತ್ತಿಯನ್ನು ನಾವೇ ಬದಲಿಸಿಕೊಳ್ಳಬಹುದಾದ ವೇಪ್ ಟ್ಯಾಂಕು, ಅಂದರೆ ದ್ರವವನ್ನು ಕಾಯಿಸಿ ಆವಿ ಮಾಡುವ ಇ-ಸಿಗರೇಟಿನ ದ್ರವಪಾತ್ರೆ, ಬಳಸುತ್ತಾರೆ. ಸಿಗರೇಟಿನಂತೆ ಮೊದಲು ಬಾಯಿಗೆ ಎಳೆದು ಆಮೇಲೆ ಎದೆಗೆ ಇಳಿಸುವುದು ಅವರ ಕ್ರಮ. ಅದಕ್ಕೆ ಅಂಗಡಿಯವು ಸರಿಹೋಗುವುದಿಲ್ಲ, ಒಂದು ತೀರ ಸಡಿಲ, ಇನ್ನೊಂದು ಗೊರಗೊರ ಎನ್ನುತ್ತದೆ, ನೀನೇ ಒಂದನ್ನು ವಿನ್ಯಾಸ ಮಾಡಿ ಕಳಿಸು ಎನ್ನುತ್ತಿದ್ದಾರೆ. ಹೇಗೆ ಮಾಡಬೇಕು? ಮಾಡಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಬೇಕು. ಮಾಡುವಂತಿಲ್ಲ. ಕರ್ನಾಟಕ ಸರ್ಕಾರ 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. ಆ ಬಳಿಕ ಬಂದ 2019ರ ಕೇಂದ್ರ ಕಾಯ್ದೆಯು ಇದರ ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು ಎಲ್ಲವನ್ನೂ ತಡೆದಿದೆ. ಇಡೀ ಸಾಧನಕ್ಕೆ ಮಾತ್ರವಲ್ಲ, ಅದರ ಯಾವುದೇ ಭಾಗಕ್ಕೂ ಈ ನಿಷೇಧ ಅನ್ವಯಿಸುವುದರಿಂದ ನೀವು ಟ್ಯಾಂಕನ್ನಷ್ಟೇ ಮಾಡಿದರೂ, ಅದೂ ಹೊರದೇಶದ ಸಂಬಂಧಿಕರಿಗಾಗಿ ಮಾಡಿದರೂ, ಅಪರಾಧವೇ ಆಗುತ್ತದೆ. ಮೊದಲ ಸಲಕ್ಕೆ ಒಂದು ವರ್ಷದವರೆಗಿನ ಜೈಲು ಅಥವಾ 1 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡೂ ಆಗಬಹುದು. ಆದ್ದರಿಂದ ದಯವಿಟ್ಟು ಇದನ್ನು ಲೇತ್‌ಗೆ ಏರಿಸಬೇಡಿ.

ಆದರೆ ಭಾವನವರ ದೂರು ಗಾಳಿಯ ಲೆಕ್ಕಕ್ಕೆ ಸಂಬಂಧಿಸಿದ್ದು, ಆ ಲೆಕ್ಕವನ್ನು ತಿಳಿದುಕೊಳ್ಳಲು ಅಡ್ಡಿಯಿಲ್ಲ. ಸಿಗರೇಟನ್ನು ಪರೀಕ್ಷಿಸುವ ಯಂತ್ರಗಳು 2 ಸೆಕೆಂಡಿನಲ್ಲಿ 35 ಮಿ.ಲೀ., ಅಂದರೆ ಸೆಕೆಂಡಿಗೆ 17.5 ಮಿ.ಲೀ. ಗಾಳಿಯನ್ನು ಎಳೆಯುತ್ತವೆ, ಈ ವೇಗದಲ್ಲಿ ಸಾಮಾನ್ಯ ಸಿಗರೇಟು ಒಡ್ಡುವ ತಡೆ ಸುಮಾರು 100 ಮಿ.ಮೀ. ನೀರಿನ ಕಂಬದ ಒತ್ತಡಕ್ಕೆ ಸಮ. ಟ್ಯಾಂಕಿನಲ್ಲಿ ಇಷ್ಟೇ ತಡೆ ಬರಬೇಕೆಂದರೆ ಗಾಳಿ ಒಳಬರುವ ರಂಧ್ರ ಒಂದೇ ಆಗಿದ್ದು, ಅದರ ವ್ಯಾಸ ಸುಮಾರು 0.9 ಮಿ.ಮೀ. ಇರಬೇಕೆಂದು ಲೆಕ್ಕ ಹೇಳುತ್ತದೆ. ಅದನ್ನೇ 1.2 ಮಿ.ಮೀ.ಗೆ ಹಿಗ್ಗಿಸಿದರೆ ತಡೆ 35ರ ಆಸುಪಾಸಿಗೆ, 1.5 ಮಿ.ಮೀ. ಮಾಡಿದರೆ 15ರ ಹತ್ತಿರಕ್ಕೆ ಇಳಿದುಬಿಡುತ್ತದೆ. ಎಳೆಯುವ ಗಾಳಿ ಅಷ್ಟೇ ಇದ್ದಾಗ ತಡೆಯು ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಬದಲಾಗುವುದೇ ಇದಕ್ಕೆ ಕಾರಣ. ಡ್ರಿಲ್ ಬಿಟ್ಟಿನ ಒಂದೆರಡು ದಶಾಂಶದ ವ್ಯತ್ಯಾಸವನ್ನು ತುಟಿ ತಕ್ಷಣ ಗುರುತಿಸುತ್ತದೆ.

ರಂಧ್ರ ಸರಿಯಾಗಿದ್ದರೂ ಟ್ಯಾಂಕು ಸಡಿಲವೆನಿಸಬಹುದು, ಮತ್ತು ಲೇತ್ ಬಲ್ಲವರಿಗೆ ಇದು ಬೇಗ ಹೊಳೆಯುತ್ತದೆ. ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಹೊರಬಳೆಯು 14 ಮಿ.ಮೀ. ವ್ಯಾಸದ ಬುಡದ ಮೇಲೆ ಸುತ್ತಲೂ 0.05 ಮಿ.ಮೀ. ಸಂದು ಬಿಟ್ಟು ಕೂತಿದೆ ಎನ್ನಿ. ಆ ಸಂದಿನ ಒಟ್ಟು ವಿಸ್ತೀರ್ಣ 2 ಚದರ ಮಿ.ಮೀ. ದಾಟುತ್ತದೆ, ರಂಧ್ರದ್ದು ಮಾತ್ರ 0.64. ಕಿರಿದಾದ ಸಂದಿನಲ್ಲಿ ಘರ್ಷಣೆ ಹೆಚ್ಚೆಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ರಂಧ್ರದಿಂದ ಬರುವ ಗಾಳಿಯ ಅರ್ಧದಷ್ಟು ಗಾಳಿ ಈ ಕಳ್ಳದಾರಿಯಲ್ಲಿಯೂ ನುಸುಳಬಲ್ಲದು. ರಂಧ್ರದ ಮೇಲೊಂದು, ಕೆಳಗೊಂದು ಒ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಕೂರಿಸಿದ ಟ್ಯಾಂಕುಗಳು ಬಿಗಿಯಾಗಿ ಎಳೆಯುವುದು ಇದಕ್ಕಾಗಿಯೇ. ಭಾವನವರ ಸಡಿಲ ಟ್ಯಾಂಕಿನಲ್ಲಿ ಮೊದಲು ನೋಡಬೇಕಾದುದು ಒ-ರಿಂಗನ್ನು, ಆಮೇಲೆ ರಂಧ್ರವನ್ನು. ಎಳೆಯುವಾಗ ಸಿಳ್ಳೆ ಕೇಳಿಸುತ್ತಿದ್ದರೆ ರಂಧ್ರದ ಅಂಚಿನಲ್ಲಿ ಬರ್ (ಕೊರೆದಾಗ ಉಳಿಯುವ ಲೋಹದ ಮುಳ್ಳು) ಉಳಿದಿರುವ ಸಂಭವವೂ ಉಂಟು.

ಗೊರಗೊರ ಸದ್ದಿನ ಮೂಲ ಬೇರೆ. ಕಾಯಿಲಿನ ಕೆಳಗೆ ದ್ರವ ನಿಂತಿರುವುದರಿಂದ ಅದು ಬರುತ್ತದೆ. ಕೋಳಿಮರಿಗಳಿಗೆ ನೀರಿಡಲು ತಟ್ಟೆಯಲ್ಲಿ ಬೋರಲು ಹಾಕಿದ ಬಾಟಲಿಯಲ್ಲಿ, ಬಾಯಿ ಮುಚ್ಚುವಷ್ಟು ನೀರು ತಟ್ಟೆಯಲ್ಲಿದ್ದರೆ ಉಳಿದ ನೀರು ಮೇಲೆಯೇ ನಿಲ್ಲುತ್ತದೆಯಲ್ಲ, ಈ ಟ್ಯಾಂಕಿನ ಕ್ರಮವೂ ಅದೇ: ದ್ರವದ ಮೇಲಿನ ಗಾಳಿ ಹೊರಗಿಗಿಂತ ಸ್ವಲ್ಪ ವಿರಳವಾಗಿರುವವರೆಗೆ ದ್ರವ ಕೆಳಗಿಳಿಯುವುದಿಲ್ಲ. ಉಪಯೋಗಿಸುವವರು ಎಳೆದಾಗ ಕಾಯಿಲಿನ ಕೋಣೆಯ ಒತ್ತಡ ಇಳಿದು, ಬತ್ತಿಯ ಮೂಲಕ ಒಂದಿಷ್ಟು ದ್ರವ ಬಂದು, ಬದಲಿಗೆ ಗಾಳಿಯ ಗುಳ್ಳೆ ಮೇಲೇರುತ್ತದೆ. ಮೇಲಿನ ಮುಚ್ಚಳದ ರಿಂಗ್ ಕೂದಲೆಳೆಯಷ್ಟು ಸೀಳಿದ್ದರೂ ಈ ಸಮತೋಲ ಕೆಟ್ಟು ದ್ರವವೆಲ್ಲ ಬುಡಕ್ಕೆ ಬರುತ್ತದೆ. ದ್ರವದ ಕಿಂಡಿಯನ್ನು ಹತ್ತಿ ತುಂಬಿಕೊಳ್ಳದೆ ಸಡಿಲವಾಗಿದ್ದರೂ ಹಾಗೆಯೇ ಆಗುತ್ತದೆ. ಹತ್ತಿಯನ್ನು ಒತ್ತಿ ತುರುಕಿದರೆ ಇದಕ್ಕೆ ವಿರುದ್ಧವಾಗಿ ಬತ್ತಿ ಒಣಗುತ್ತದೆ. ಬಿಗಿ ಎಳೆತದ ಟ್ಯಾಂಕಿನಲ್ಲಿ ಒಳಗಿನ ಒತ್ತಡ ಹೆಚ್ಚು ಇಳಿಯುವುದರಿಂದ ದ್ರವದ ಕಿಂಡಿ ಚಿಕ್ಕದಿರಬೇಕು. ಸಡಿಲ ಎಳೆತದ ಟ್ಯಾಂಕಿಗೆ ಬರಿಯ ಗಾಳಿರಂಧ್ರ ಕಿರಿದು ಮಾಡಿ ಮಾರುವವರು ಈ ಮಾತನ್ನು ಮರೆಯುತ್ತಾರೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ವಿದೇಶದಲ್ಲಿರುವ ನಮ್ಮ ಚಿಕ್ಕಪ್ಪನ ಮಗನ ಟ್ಯಾಂಕು ನೆಲದ ಮೇಲೆ ಸರಿಯಾಗಿದ್ದು, ವಿಮಾನದಲ್ಲಿ ಮಾತ್ರ ಸೋರುತ್ತದಂತೆ. ಇದು ವಿನ್ಯಾಸದ ದೋಷವೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ದೋಷವಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಕಿವಿ ಕಟ್ಟಿಕೊಳ್ಳುವುದು ನಿಮಗೆ ಅನುಭವವಿರುತ್ತದೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದ್ದು, ಅಲ್ಲಿಯ ವಾಯುಭಾರ ಸಮುದ್ರತೀರಕ್ಕಿಂತ ಶೇ. 7ರಷ್ಟು ಕಡಿಮೆ. ಟ್ಯಾಂಕಿನಲ್ಲಿ 1 ಮಿ.ಲೀ. ಗಾಳಿ ಇದ್ದರೆ ಅಷ್ಟು ಎತ್ತರಕ್ಕೆ ಅದು ಹಿಗ್ಗಿ ಒಂದೆರಡು ಹನಿ ದ್ರವವನ್ನು ಬತ್ತಿಯಿಂದ ಹೊರದೂಡೀತು. ವಿಮಾನದೊಳಗಿನ ಒತ್ತಡ ಇದಕ್ಕಿಂತಲೂ ಹೆಚ್ಚು ಇಳಿದು, ಸಮುದ್ರತೀರಕ್ಕಿಂತ ಕಾಲುಭಾಗದಷ್ಟು ಕಡಿಮೆಯಾಗಬಹುದಾದ್ದರಿಂದ ಆರೇಳು ಹನಿ ಸೋರುವುದು ಸಹಜ. ಒಳಗೆ ಗಾಳಿಯೇ ಇಲ್ಲದಂತೆ ತುಂಬಿದ್ದರೆ ಅಥವಾ ಪೂರ್ತಿ ಖಾಲಿ ಮಾಡಿದ್ದರೆ ಸೋರುವುದಿಲ್ಲ. ಅರ್ಧ ತುಂಬಿರುವುದೇ ಕೆಟ್ಟ ಸ್ಥಿತಿ. ಟ್ಯಾಂಕನ್ನು ತಲೆಕೆಳಗಾಗಿ ಇಟ್ಟರೆ ಬತ್ತಿಯ ಬದಿಗೆ ಗಾಳಿ ಬರುವುದರಿಂದ ಹಿಗ್ಗಿದ ಗಾಳಿಯೇ ಹೊರಹೋಗುತ್ತದೆ.

ಪ್ರಶ್ನೆ: ಇಂಥ ಟ್ಯಾಂಕಿಗೆ ಯಾವ ಲೋಹ, ಯಾವ ತಂತಿ ಸೂಕ್ತ? ಹಿತ್ತಾಳೆ ಸಾಲದೇ? (ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಹಿತ್ತಾಳೆ ಬೇಡವೇ ಬೇಡ. ಲೇತ್‌ನಲ್ಲಿ ಸಲೀಸಾಗಿ ಕತ್ತರಿಸಿಕೊಳ್ಳುವ ಹಿತ್ತಾಳೆಯಲ್ಲಿ ಶೇ. 2.5ರಿಂದ 3ರಷ್ಟು ಸೀಸ ಬೆರೆಸಿರುತ್ತಾರೆ. ಬಿಸಿಯಾಗಿ ಶ್ವಾಸಕೋಶಕ್ಕೆ ಹೋಗುವ ಆವಿಯ ದಾರಿಯಲ್ಲಿ ಅದನ್ನು ಇಡುವುದು ಹೊಣೆಗೇಡಿತನ. 304 ಅಥವಾ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬಳಸುವುದು ರೂಢಿ. ಕಾಯಿಲಿಗೆ ವಿದ್ಯುತ್ ತರುವ ಧನ (+) ಕಂಬವನ್ನು ಉಳಿದ ಲೋಹದಿಂದ ಬೇರ್ಪಡಿಸುವ ಇನ್ಸುಲೇಟರಿಗೆ 343 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಪೀಕ್ ಪ್ಲಾಸ್ಟಿಕ್ ಸರಿ. ಡೆಲ್ರಿನ್ ಎಂಬ ಪ್ಲಾಸ್ಟಿಕ್ 175 ಡಿಗ್ರಿಯ ಹತ್ತಿರ ಕರಗುತ್ತದಲ್ಲದೆ, ಮಿತಿಮೀರಿ ಕಾದರೆ ಒಡೆದು ಫಾರ್ಮಾಲ್ಡಿಹೈಡ್ ಬಿಡುತ್ತದೆ.

ತಂತಿಯ ಲೆಕ್ಕ ಹೀಗಿದೆ. 0.32 ಮಿ.ಮೀ. ದಪ್ಪದ ಕಾಂಥಾಲ್ (ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಮಿಶ್ರಲೋಹ) ತಂತಿಗೆ ಮೀಟರಿಗೆ ಸುಮಾರು 18 ಓಮ್ ರೋಧ. 2.5 ಮಿ.ಮೀ. ಸಲಾಕೆಗೆ ಆರು ಸುತ್ತು ಹಾಕಿದರೆ ಕಾಲುಗಳೂ ಸೇರಿ 1 ಓಮಿನ ಆಸುಪಾಸು ಬರುತ್ತದೆ, 3.7 ವೋಲ್ಟಿಗೆ 13–14 ವ್ಯಾಟ್. ಅಷ್ಟೇ ಉದ್ದದ ನೈಕ್ರೋಮ್ (ನಿಕ್ಕಲ್-ಕ್ರೋಮಿಯಂ) ತಂತಿಯಾದರೆ ರೋಧ ಮುಕ್ಕಾಲು ಭಾಗಕ್ಕೆ ಇಳಿದು, ಶಾಖ ಅಷ್ಟರಮಟ್ಟಿಗೆ ಏರುತ್ತದೆ. ಸೆಕೆಂಡಿಗೆ 17 ಮಿ.ಲೀ. ಗಾಳಿ ಮಾತ್ರ ಹಾಯುವ ಕಡೆ ಇದಕ್ಕಿಂತ ಬಹಳ ಹೆಚ್ಚು ಶಾಖ ಕೊಡುವುದು ಅಪಾಯ. ಬತ್ತಿ ಒದ್ದೆಯಿರುವವರೆಗೆ ದ್ರವದಲ್ಲಿರುವ ಪ್ರೊಪಿಲೀನ್ ಗ್ಲೈಕಾಲ್ 188, ಗ್ಲಿಸರಿನ್ 290 ಡಿಗ್ರಿಯಲ್ಲಿ ಕುದಿಯುತ್ತ ತಂತಿಯ ಶಾಖವನ್ನು ಹಿಡಿದಿಡುತ್ತವೆ. ಬತ್ತಿ ಒಣಗಿದ ಕ್ಷಣ ತಂತಿ ಕೆಂಪೇರಿ, ಹತ್ತಿ ಕರಟಿ, ಗ್ಲಿಸರಿನ್ ಒಡೆದು ಅಕ್ರೋಲಿನ್‌ನಂಥ ವಿಷ ಹುಟ್ಟುತ್ತದೆ. ಗ್ಲಿಸರಿನ್ ಚಳಿಗೆ ತೀರ ಮಂದವಾಗುವುದರಿಂದ, ನಮ್ಮ ಮಲೆನಾಡಿನ ಪುಷ್ಯಮಾಸದ ಬೆಳಗಿನಂಥ ಹವೆಯಲ್ಲಿ ಬತ್ತಿ ಒಣಗುವ ಸಂಭವ ಹೆಚ್ಚು.

ಪ್ರಶ್ನೆ: ಬೀಡಿ ಬಿಡಿಸಲು ನಮ್ಮ ತಂದೆಯವರಿಗೆ ಇಂಥದ್ದೊಂದು ತರಿಸಿಕೊಡಬಹುದೇ? (ಸಾಗರದ ಓದುಗರು)

ಉತ್ತರ: ತರಿಸಿದರೆ ಅದು ಆಮದು; ಮೇಲೆ ಹೇಳಿದ ಕಾಯ್ದೆ ಅದನ್ನೂ ತಡೆಯುತ್ತದೆ. 1940ರ ಔಷಧ ಕಾಯ್ದೆಯಡಿ ಪರವಾನಗಿ ಪಡೆದ ವಸ್ತುಗಳಿಗೆ ಮಾತ್ರ ಈ ನಿಷೇಧವಿಲ್ಲ. ನಿಕೋಟಿನ್ ಗಮ್ ಮತ್ತು ಚರ್ಮಕ್ಕೆ ಅಂಟಿಸುವ ಪ್ಯಾಚ್ ಔಷಧಿ ಅಂಗಡಿಗಳಲ್ಲಿ ಸಿಗುತ್ತವೆ; ತಂದೆಯವರಿಗೆ ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಆರಂಭಿಸಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ, ಆ ಸಂಖ್ಯೆ ತಂಬಾಕಿನ ಪೊಟ್ಟಣದ ಮೇಲೆಯೂ ಅಚ್ಚಾಗಿರುತ್ತದೆ.