ಓದುಗರ ಪ್ರಶ್ನೆ, ನಮ್ಮ ಉತ್ತರ: ಬೀದಿದೀಪ ಬಿಳಿಯಾದ ಮೇಲೆ

ಪ್ರಶ್ನೆ: ನಮ್ಮ ಬಡಾವಣೆಯ ಹಳದಿ ಸೋಡಿಯಂ ದೀಪಗಳನ್ನು ತೆಗೆದು ಬಿಳಿ ಎಲ್‌ಇಡಿ ಹಾಕಿದ್ದಾರೆ. ವಿದ್ಯುತ್ ಉಳಿಯುತ್ತದೆ ಎನ್ನುತ್ತಾರೆ. ಆದರೆ ಮೊದಲು ತಾರಸಿಯಿಂದ ಕಾಣುತ್ತಿದ್ದ ಅರುಂಧತಿ ನಕ್ಷತ್ರ ಈಗ ಕಾಣಿಸುವುದೇ ಇಲ್ಲ. ಕರೆಂಟ್ ಕಡಿಮೆ ಖರ್ಚಾದರೂ ಆಕಾಶ ಹೆಚ್ಚು ಬೆಳಗುವುದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಉಳಿತಾಯದ ಮಾತೂ ನಿಜ, ನೀವು ಕಂಡದ್ದೂ ನಿಜ. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು ಸೂಸುವ ಚಿಪ್. ಅದರ ಮೇಲಿನ ಫಾಸ್ಫರ್ ಲೇಪವು ಆ ನೀಲಿಯಲ್ಲಿ ಒಂದಷ್ಟನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಹಗಲಿನ ಆಕಾಶವನ್ನು ನೀಲಿಯಾಗಿಸುವ ಗಾಳಿಯ ಅಣುಗಳೇ ರಾತ್ರಿ ಈ ಉಳಿದ ನೀಲಿಯನ್ನೂ ಚದುರಿಸುತ್ತವೆ. ಸುಮಾರು 450 ನ್ಯಾನೋಮೀಟರ್ ತರಂಗಾಂತರದ ಎಲ್‌ಇಡಿ ನೀಲಿಯು, 590ರ ಆಸುಪಾಸಿನ ಸೋಡಿಯಂ ಹಳದಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಚದುರುತ್ತದೆ. ಅರುಂಧತಿ ನಾಲ್ಕನೆಯ ಪ್ರಮಾಣದ ಮಸುಕು ನಕ್ಷತ್ರವಾದ್ದರಿಂದ ಈ ಹೊಳಪಿನಲ್ಲಿ ಬೇಗ ಮರೆಯಾಗುತ್ತದೆ. (ಕಲ್ಯಾಣಮಂಟಪದಲ್ಲಿ ಪುರೋಹಿತರು ಹಾಡುಹಗಲೇ ತೋರಿಸುವ ಅರುಂಧತಿಗೆ ಮಾತ್ರ ಈ ತೊಂದರೆಯಿಲ್ಲ.)

ಇದು ನಿಮ್ಮ ಬಡಾವಣೆಯೊಂದರ ಕಥೆಯಲ್ಲ. ಬರಿಗಣ್ಣಿಗೆ ಯಾವ ನಕ್ಷತ್ರಗಳು ಕಾಣುತ್ತವೆಂದು 2011ರಿಂದ 2022ರವರೆಗೆ ಹಲವು ದೇಶಗಳ ಜನಸಾಮಾನ್ಯರು ಕಳಿಸಿದ ವರದಿಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಾತ್ರಿಯ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ. 9.6ರಷ್ಟು ಏರುತ್ತಿದೆ, ಅಂದರೆ ಎಂಟು ವರ್ಷದೊಳಗೆ ದುಪ್ಪಟ್ಟು. ಉಪಗ್ರಹದ ಲೆಕ್ಕದಲ್ಲಿ ಈ ಏರಿಕೆ ಇಷ್ಟೊಂದು ಕಾಣದಿರಲು ಒಂದು ಕಾರಣವಿದೆ. ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವ ಉಪಗ್ರಹ ಸಂವೇದಕವು 500 ನ್ಯಾನೋಮೀಟರಿಗಿಂತ ಕೆಳಗಿನ ಬೆಳಕನ್ನು ಗ್ರಹಿಸುವುದೇ ಇಲ್ಲ, ಎಲ್‌ಇಡಿಯ ನೀಲಿ ಇರುವುದು ಅಲ್ಲಿಯೇ.

ಹಾಗೆಂದು ಸೋಡಿಯಂ ದೀಪಕ್ಕೆ ಹಿಂದಿರುಗಬೇಕಾಗಿಲ್ಲ. ಎಲ್‌ಇಡಿಯ ಬೆಳಕನ್ನು ಬೇಕಾದ ಕಡೆಗೆ ಮಾತ್ರ ಬಿಡುವುದೂ, ರಾತ್ರಿ ಹೊತ್ತಾದಂತೆ ಅದನ್ನು ತಗ್ಗಿಸುವುದೂ ಸೋಡಿಯಂ ದೀಪಕ್ಕಿಂತ ಬಹಳ ಸುಲಭ. ಕೊಳ್ಳುವಾಗ 5,000–6,500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ; ಅಂಕಿ ಹೆಚ್ಚಿದಷ್ಟೂ ನೀಲಿ ಹೆಚ್ಚು) ಕೂಲ್ ಡೇಲೈಟ್ ಬದಲು 2,700–3,000 ಕೆಲ್ವಿನ್‌ನ ವಾರ್ಮ್ ವೈಟ್ ಆರಿಸಬೇಕು. ಅಷ್ಟೇ ಮುಖ್ಯವಾದದ್ದು ಕಂಬದ ತೋಳಿನ ಓರೆ. ದೀಪದ ಗಾಜು ನೆಲಕ್ಕೆ ಸಮಾಂತರವಾಗಿದ್ದರೆ ಬೆಳಕು ರಸ್ತೆಗೆ ಬೀಳುತ್ತದೆ. ತೋಳನ್ನು ಹದಿನೈದಿಪ್ಪತ್ತು ಡಿಗ್ರಿ ಮೇಲಕ್ಕೆತ್ತಿ ಕೂರಿಸಿದರೆ ಒಂದು ಪಾಲು ಎದುರಿನ ಕಿಟಕಿಗೂ ಮತ್ತೊಂದು ಪಾಲು ಆಕಾಶಕ್ಕೂ ಹೋಗುತ್ತದೆ. ನಾಲ್ಕು ಕಂಬ ದೂರ ನಿಂತು ನೋಡಿ: ಬೆಳಗಿದ ರಸ್ತೆಗಿಂತ ಮೊದಲು ಉರಿಯುವ ಎಲ್‌ಇಡಿ ಚಿಪ್‌ಗಳೇ ಕಣ್ಣಿಗೆ ಚುಚ್ಚಿದರೆ ಆ ದೀಪವನ್ನು ಸರಿಯಾಗಿ ಕೂರಿಸಿಲ್ಲ.

ಪ್ರಶ್ನೆ: ನಾನು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ. ಕಳ್ಳರ ಭಯದಿಂದ ಇನ್ನಷ್ಟು ಫ್ಲಡ್‌ಲೈಟ್ ಹಾಕಿಸಿ ಎನ್ನುತ್ತಾರೆ ನಮ್ಮವರು. ಮಲಗುವ ಕೋಣೆಗೆ ಬೆಳಕು ನುಗ್ಗುತ್ತದೆ ಎಂದು ಎದುರು ಮನೆಯವರ ದೂರು. ಯಾರ ಮಾತು ಕೇಳಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ಇಬ್ಬರದ್ದನ್ನೂ ಕೇಳಬಹುದು. ಪ್ಯಾರಪೆಟ್ ಮೇಲೆ ಓರೆಯಾಗಿ ಕೂರಿಸಿದ ಫ್ಲಡ್‌ಲೈಟ್ ಗೇಟಿನ ಕಾವಲುಗಾರನ ಕಣ್ಣು ಕೋರೈಸುತ್ತದೆ, ಅವನ ಪಾಪೆ ಕಿರಿದಾಗುತ್ತದೆ, ಕಾಂಪೌಂಡಿನ ನೆರಳಿನಲ್ಲಿ ನಿಂತವನು ಕಾಣುವುದೇ ಇಲ್ಲ. ದೀಪಗಳನ್ನು ನೆಲದತ್ತ ತಿರುಗಿಸಿ, ಮೇಲೆ ಮರೆ ಕಟ್ಟಿಸಿ. ಹಿಂಬದಿಯ ಓಣಿಗೆ ಚಲನೆ ಗುರುತಿಸಿ ಹೊತ್ತಿಕೊಳ್ಳುವ ಸೆನ್ಸರ್ ದೀಪ ಸಾಕು. ಕಟ್ಟಡದ ಅಂದಕ್ಕೆ ಹಾಕಿದ ದೀಪಗಳಿಗೆ ಟೈಮರ್ ಅಳವಡಿಸಿ ಹತ್ತು ಗಂಟೆಗೆ ಆರಿಸಿದರೆ ಯಾರಿಗೂ ನಷ್ಟವಿಲ್ಲ.

ಅಪರಾಧದ ಬಗೆಗಿನ ಅಧ್ಯಯನಗಳು ಒಂದೇ ದಿಕ್ಕನ್ನು ತೋರಿಸುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಸಂಸ್ಥೆಗಳ ಮಾಹಿತಿಯನ್ನು ಪರಿಶೀಲಿಸಿದ 2015ರ ಅಧ್ಯಯನಕ್ಕೆ, ಬೀದಿದೀಪ ತಗ್ಗಿಸಿದ್ದರಿಂದ ಅಪರಾಧವಾಗಲಿ ಅಪಘಾತವಾಗಲಿ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ; ನ್ಯೂಯಾರ್ಕ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಹೊಸದಾಗಿ ಪ್ರಖರ ದೀಪ ನಿಲ್ಲಿಸಿ ನೋಡಿದಾಗ ರಾತ್ರಿಯ ಗಂಭೀರ ಅಪರಾಧಗಳು ಸ್ಪಷ್ಟವಾಗಿ ಇಳಿದವು. ಚರಂಡಿಯ ಚಪ್ಪಡಿ ಎಲ್ಲಿ ಬಾಯಿ ತೆರೆದಿದೆಯೋ ಹೇಳಲಾಗದ ನಮ್ಮ ರಸ್ತೆಗಳಲ್ಲಿ, ಪಾಳಿ ಮುಗಿಸಿ ಒಬ್ಬರೇ ಮನೆಗೆ ಬರುವ ಹೆಣ್ಣುಮಕ್ಕಳಿರುವಾಗ, ನೆಲಕ್ಕೆ ಬೀಳುವ ಬೆಳಕಿಗೆ ಕತ್ತರಿ ಹಾಕಿ ಎಂದು ನಾನು ಹೇಳಲಾರೆ. ಪೋಲಾಗುವ ಬೆಳಕಿಗೆ ಈ ರಿಯಾಯಿತಿ ಬೇಡ. ನಿಮ್ಮ ಸಂಘದ ತೀರ್ಮಾನ ಸಣ್ಣದೆಂದು ತಿಳಿಯಬೇಡಿ: ಅಮೆರಿಕದ ಟಕ್ಸನ್ ನಗರವು 2019ರಲ್ಲಿ ಕೆಲವು ರಾತ್ರಿ ಬೀದಿದೀಪಗಳ ಪ್ರಖರತೆಯನ್ನು ಬದಲಿಸಿ ಉಪಗ್ರಹದಿಂದ ಅಳೆಸಿದಾಗ, ನಡುರಾತ್ರಿಯ ನಂತರ ಅಲ್ಲಿಗೆ ಕಾಣುತ್ತಿದ್ದ ಬೆಳಕಿನಲ್ಲಿ ಬೀದಿದೀಪಗಳ ಪಾಲು ಸುಮಾರು ಶೇ. 13 ಮಾತ್ರ ಎಂದು ತಿಳಿಯಿತು. ಉಳಿದದ್ದು ಅಂಗಡಿ, ಹೋರ್ಡಿಂಗ್, ವಾಹನ ನಿಲ್ದಾಣ, ಆಟದ ಮೈದಾನ, ಮನೆಗಳಂಥ ಬೇರೆ ಮೂಲಗಳದ್ದು.

ಪ್ರಶ್ನೆ: ಇದಕ್ಕೆ ಕಾನೂನು ಇಲ್ಲವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದೇಶಕ್ಕೆಲ್ಲ ಅನ್ವಯಿಸುವ ಪ್ರತ್ಯೇಕ ಕಾನೂನು ಇಲ್ಲ. 1981ರ ವಾಯು ಮಾಲಿನ್ಯ ಕಾಯ್ದೆಗೆ 1987ರಲ್ಲಿ ಶಬ್ದವನ್ನು ಸೇರಿಸಲಾಯಿತು, ಬೆಳಕನ್ನು ಸೇರಿಸಲಿಲ್ಲ. ಫ್ರಾನ್ಸ್‌ನಲ್ಲಿ 2018ರ ಆದೇಶದಂತೆ ಅಂಗಡಿಗಳ ಪ್ರದರ್ಶನ ಕಿಟಕಿಯ ದೀಪಗಳು ರಾತ್ರಿ ಒಂದು ಗಂಟೆಯೊಳಗೆ ಆರಬೇಕು. ನಮ್ಮಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಲಡಾಖಿನ ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಎಂದು ಘೋಷಿಸಲಾಗಿದೆ. ನಗರಗಳಿಗೆ ಅಂಥ ಏರ್ಪಾಡಿಲ್ಲ. ಸದ್ಯಕ್ಕೆ ಪಾಲಿಕೆಗೆ ಬರೆಯುವುದೇ ದಾರಿ. ‘ಬೆಳಕು ಜಾಸ್ತಿ’ ಎಂದಷ್ಟೇ ಬರೆದರೆ ದೀಪವನ್ನೇ ಕಿತ್ತುಹಾಕಿಯಾರು. ಕಂಬದ ಸಂಖ್ಯೆ, ಓರೆಯಾದ ತೋಳಿನ ಫೋಟೋ, ಬೆಳಕು ಯಾವ ಕಿಟಕಿಗೆ ಬೀಳುತ್ತಿದೆ ಎಂಬ ವಿವರದ ಜೊತೆಗೆ, ತೋಳನ್ನು ಸಮತಟ್ಟಾಗಿಸಿ ಮರೆ ಹಾಕಬೇಕೆಂದು ಸ್ಪಷ್ಟವಾಗಿ ಕೇಳಿ.